ಉಸಿರುನಾಳ ಸಡಿಲಿಸುವ ಆಂಟಿಕೋಲಿನರ್ಜಿಕ್ ಇನ್ಹೇಲರ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಪ್ಪನಿಗೆ ಸಿಒಪಿಡಿ (ಉಸಿರುನಾಳ ಕಿರಿದಾಗಿ ದಮ್ಮು ಬರುವ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದೆ ಎಂದು ಗೊತ್ತಾದಾಗ ಡಾಕ್ಟರು ಎರಡು ಇನ್ಹೇಲರ್ ಬರೆದುಕೊಟ್ಟರು. ಒಂದು ದಮ್ಮು ಹೆಚ್ಚಾದಾಗ ಎಳೆಯಲು, ಇನ್ನೊಂದು ದಿನಕ್ಕೊಮ್ಮೆ ತಪ್ಪದೇ ಎಳೆಯಲು. ಮೊದಲನೆಯದು ಅಪ್ಪನ ಜೇಬು ಬಿಟ್ಟು ಕದಲಲಿಲ್ಲ. ಎರಡನೆಯದು ಮೂರೇ ವಾರಕ್ಕೆ ಮೂಲೆ ಸೇರಿತು. "ಎಳೆದರೂ ಅಷ್ಟೇ, ಬಿಟ್ಟರೂ ಅಷ್ಟೇ" ಅನ್ನುತ್ತಿದ್ದರು. ಆಮೇಲೆ ಒಂದು ರಾತ್ರಿ ಉಸಿರು ಸಿಗದೆ ಆಸ್ಪತ್ರೆಗೆ ಓಡಬೇಕಾಯಿತು. ಆ ಎರಡನೆಯ ಔಷಧಿ, ಅಂದರೆ ಆಂಟಿಕೋಲಿನರ್ಜಿಕ್, ಒಳಗೆ ಏನು ಮಾಡುತ್ತದೆ ಎಂಬುದು ಅಪ್ಪನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅಲ್ಲಿಂದ ನಾನು ಓದಿದ್ದು, ಕೇಳಿ ತಿಳಿದದ್ದು ಇಲ್ಲಿದೆ. ಡೋಸ್ ಬದಲಿಸುವುದು, ನಿಲ್ಲಿಸುವುದು ಮಾತ್ರ ನಿಮ್ಮ ಡಾಕ್ಟರ ಜೊತೆ ಮಾತಾಡಿಯೇ ಆಗಬೇಕು.

ಆಂಟಿಕೋಲಿನರ್ಜಿಕ್ ಅಂದರೆ ಯಾವ ಔಷಧಿಗಳು?

ಇಪ್ರಾಟ್ರೋಪಿಯಂ, ಟಿಯೋಟ್ರೋಪಿಯಂ, ಗ್ಲೈಕೋಪೈರೋನಿಯಂ, ಉಮೆಕ್ಲಿಡಿನಿಯಂ, ಅಕ್ಲಿಡಿನಿಯಂ. ನಿಮ್ಮ ಇನ್ಹೇಲರ್ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಇವುಗಳಲ್ಲಿ ಒಂದು ಹೆಸರಿದ್ದರೆ ಈ ಪುಟ ನಿಮಗಾಗಿಯೇ. ಗ್ಲೈಕೋಪೈರೋನಿಯಂ ಅನ್ನೇ ಕೆಲವು ಕಂಪನಿಗಳು ಗ್ಲೈಕೋಪೈರೋಲೇಟ್ ಎಂದು ಬರೆಯುತ್ತವೆ. ಇಪ್ರಾಟ್ರೋಪಿಯಂ ಕೆಲವೇ ಗಂಟೆ ಕೆಲಸ ಮಾಡುತ್ತದೆ. ಉಳಿದವು ಅರ್ಧ ದಿನ ಅಥವಾ ಪೂರ್ತಿ ದಿನ ಬಾಳುತ್ತವೆ.

ಉಸಿರುನಾಳದ ಸ್ನಾಯು ಬಿಗಿಯುವುದಾದರೂ ಯಾಕೆ?

ಗಂಟಲಿನಿಂದ ಕೆಳಗೆ ಇಳಿಯುವ ಗಾಳಿಯ ಕೊಳವೆ ಒಂದು ಮರದ ಹಾಗೆ ಕವಲೊಡೆಯುತ್ತಾ ಹೋಗುತ್ತದೆ. ಈ ಕವಲುಗಳ ಗೋಡೆಯ ಸುತ್ತ ತೆಳುವಾದ ಸ್ನಾಯುವಿನ ಪಟ್ಟಿ ಇದೆ. ಕೈಕಾಲಿನ ಸ್ನಾಯುವಿನ ಹಾಗೆ ಇದು ನಮ್ಮ ಮಾತು ಕೇಳುವುದಿಲ್ಲ. ಇದಕ್ಕೆ ಅಪ್ಪಣೆ ಕೊಡುವುದು ವೇಗಸ್ ಎಂಬ ನರ. ಮೆದುಳಿನ ಬುಡದಿಂದ ಹೊರಟು, ಕತ್ತಿನ ಮೂಲಕ ಎದೆಗೂ ಹೊಟ್ಟೆಗೂ ಇಳಿಯುವ ಉದ್ದನೆಯ ನರ ಅದು.

ನರ ಸ್ನಾಯುವನ್ನು ನೇರವಾಗಿ ಹಿಡಿದು ಎಳೆಯುವುದಿಲ್ಲ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬರುತ್ತದೆ. ಅದು ಸ್ನಾಯುವಿನ ಮೇಲಿರುವ ರಿಸೆಪ್ಟರ್‌ಗೆ ಹೋಗಿ ಕೂರುತ್ತದೆ. ರಿಸೆಪ್ಟರನ್ನು ಒಂದು ಕುರ್ಚಿ ಅಂದುಕೊಳ್ಳಿ. ಆ ಕುರ್ಚಿಯಲ್ಲಿ ಅಸಿಟೈಲ್‌ಕೋಲಿನ್ ಕೂತರೆ ಮಾತ್ರ ಒಳಗೆ ಸುದ್ದಿ ಮುಟ್ಟುತ್ತದೆ. ಆಗ ಸ್ನಾಯುಕೋಶದ ಒಳಗಿನ ದಾಸ್ತಾನಿನಿಂದ ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ, ಸ್ನಾಯು ಬಿಗಿಯುತ್ತದೆ, ಕೊಳವೆ ಕಿರಿದಾಗುತ್ತದೆ.

ನರಗಳು ಹೀಗೆ ರಾಸಾಯನಿಕದ ಮೂಲಕ ಮಾತಾಡುತ್ತವೆ ಎಂದು ತೋರಿಸಿಕೊಟ್ಟದ್ದೂ ಇದೇ ವೇಗಸ್ ನರ. 1921ರಲ್ಲಿ ಆಟೋ ಲೋವಿ ಎಂಬ ವಿಜ್ಞಾನಿ ಕಪ್ಪೆಯ ಹೃದಯದ ವೇಗಸ್ ನರವನ್ನು ಕೆಣಕಿದರು. ಹೃದಯ ನಿಧಾನವಾಯಿತು. ಅದರ ಸುತ್ತಲಿದ್ದ ದ್ರವವನ್ನು ತೆಗೆದು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದರು. ಅದರ ನರವನ್ನು ಯಾರೂ ಮುಟ್ಟಿರಲಿಲ್ಲ, ಆದರೂ ಅದು ನಿಧಾನವಾಯಿತು! ಅಂದರೆ ಸುದ್ದಿ ದ್ರವದಲ್ಲಿತ್ತು. ಆ ವಸ್ತು ಅಸಿಟೈಲ್‌ಕೋಲಿನ್ ಎಂದು ಆಮೇಲೆ ಖಚಿತವಾಯಿತು. 1936ರ ನೊಬೆಲ್ ಬಹುಮಾನ ಲೋವಿ ಮತ್ತು ಹೆನ್ರಿ ಡೇಲ್ ಇಬ್ಬರಿಗೂ ಸಿಕ್ಕಿತು. ಅಪ್ಪನ ಇನ್ಹೇಲರ್‌ನ ಬೇರು ಎರಡು ಕಪ್ಪೆಗಳ ಹೃದಯದಲ್ಲಿದೆ ಎಂದು ಓದಿದಾಗ ನನಗೆ ನಿಜಕ್ಕೂ ಮೈ ಜುಮ್ಮೆಂದಿತ್ತು.

ಹಾಗಾದರೆ ಔಷಧಿ ಏನು ಮಾಡುತ್ತದೆ?

ಕುರ್ಚಿ ಹಿಡಿದು ಕೂರುತ್ತದೆ, ಅಷ್ಟೇ. ಔಷಧಿ ಕೂತಿರುವ ಜಾಗಕ್ಕೆ ಅಸಿಟೈಲ್‌ಕೋಲಿನ್ ಬಂದರೂ ಕೂರಲು ಎಡೆ ಇರುವುದಿಲ್ಲ. ಔಷಧಿ ತಾನು ಕೂತರೂ ಒಳಗೆ ಯಾವ ಸುದ್ದಿಯನ್ನೂ ಮುಟ್ಟಿಸುವುದಿಲ್ಲ. ಹಾಗಾಗಿ "ಬಿಗಿ" ಎಂಬ ಅಪ್ಪಣೆ ಸ್ನಾಯುವಿಗೆ ತಲುಪುವುದೇ ಇಲ್ಲ. ಅಪ್ಪಣೆ ಇಲ್ಲದ ಸ್ನಾಯು ತಾನಾಗಿ ಸಡಿಲವಾಗುತ್ತದೆ.

ಇಡೀ ವಿಷಯದಲ್ಲಿ ನನಗೆ ಮುಖ್ಯ ಅನ್ನಿಸುವುದು ಇದೇ. ಈ ಔಷಧಿ ಸ್ನಾಯುವನ್ನು ಹಿಡಿದು ಸಡಿಲ ಮಾಡುವುದಿಲ್ಲ, ಬಿಗಿಯದಂತೆ ಕಾಯುತ್ತದೆ. ಕಾವಲುಗಾರ ಮಾಡುವ ಕೆಲಸ ಕಣ್ಣಿಗೆ ಬೀಳುವುದಿಲ್ಲ ಅಲ್ವಾ? ಅಪ್ಪ ಅದನ್ನು ಮೂಲೆಗೆ ಹಾಕಿದ್ದೂ ಅದಕ್ಕೇ.

ಸಾಲ್ಬುಟಮಾಲ್ ಇನ್ಹೇಲರ್‌ಗೂ ಇದಕ್ಕೂ ಏನು ವ್ಯತ್ಯಾಸ?

ದಮ್ಮು ಹೆಚ್ಚಾದಾಗ ಎಳೆಯುವ ಸಾಲ್ಬುಟಮಾಲ್ ಬೇರೆಯೇ ಕುರ್ಚಿಯಲ್ಲಿ ಕೂರುತ್ತದೆ. ಅದು ಬೀಟಾ-2 ರಿಸೆಪ್ಟರ್. ಅಲ್ಲಿ ಕೂತು "ಸಡಿಲವಾಗು" ಎಂಬ ಅಪ್ಪಣೆಯನ್ನೇ ಕೊಡುತ್ತದೆ. ಕೆಲವೇ ನಿಮಿಷದಲ್ಲಿ ಎದೆ ಹಗುರ ಅನ್ನಿಸುತ್ತದೆ. ಇಪ್ರಾಟ್ರೋಪಿಯಂ ಕೆಲಸ ಶುರು ಮಾಡಲು ಸುಮಾರು 15 ನಿಮಿಷ ಬೇಕು. ಪೂರ್ತಿ ಪರಿಣಾಮಕ್ಕೆ ಒಂದರಿಂದ ಎರಡು ಗಂಟೆ ಹಿಡಿಯುತ್ತದೆ, ಆಮೇಲೆ ಒಟ್ಟು 4ರಿಂದ 6 ಗಂಟೆ ಬಾಳುತ್ತದೆ.

ದಾರಿ ಬೇರೆ ಬೇರೆ ಆಗಿರುವುದರಿಂದ ಎರಡನ್ನೂ ಸೇರಿಸಿ ಕೊಟ್ಟರೆ ಲಾಭ ಜಾಸ್ತಿ. ಒಂದು ಬಿಗಿಯುವ ಅಪ್ಪಣೆಯನ್ನು ತಡೆಯುತ್ತದೆ, ಇನ್ನೊಂದು ಸಡಿಲಿಸುವ ಅಪ್ಪಣೆಯನ್ನು ಕೊಡುತ್ತದೆ. ಒಂದೇ ಇನ್ಹೇಲರ್‌ನಲ್ಲಿ ಎರಡು ಔಷಧಿ, ಕೆಲವೊಮ್ಮೆ ಸ್ಟೀರಾಯ್ಡ್ ಸೇರಿ ಮೂರು ಔಷಧಿ ಇರುವುದು ಇದೇ ಕಾರಣಕ್ಕೆ.

ದಿನಕ್ಕೊಮ್ಮೆ ಎಳೆಯುವ ಇನ್ಹೇಲರನ್ನು ದಮ್ಮು ಜೋರಾದ ಹೊತ್ತಿನಲ್ಲಿ ಮತ್ತೆ ಮತ್ತೆ ಎಳೆಯಬೇಡಿ. ಅದು ಆ ಕೆಲಸಕ್ಕೆ ಇರುವುದಲ್ಲ.

ಸ್ನಾಯು ಚೂರು ಸಡಿಲವಾದರೆ ಅಷ್ಟೊಂದು ವ್ಯತ್ಯಾಸ ಆಗುತ್ತದಾ?

ಆಗುತ್ತದೆ. ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ಕೊಳವೆಯಲ್ಲಿ ಗಾಳಿ ನಯವಾಗಿ ಹರಿಯುವಾಗ, ಅದಕ್ಕೆ ಎದುರಾಗುವ ತಡೆ ಕೊಳವೆಯ ಅಗಲವನ್ನು ಅವಲಂಬಿಸಿರುತ್ತದೆ. ಅದೂ ಅಗಲದ ನಾಲ್ಕನೇ ಘಾತದ ಪ್ರಕಾರ. ಅಗಲ ಅರ್ಧಕ್ಕೆ ಇಳಿದರೆ ತಡೆ ಎರಡು ಪಟ್ಟಲ್ಲ, 16 ಪಟ್ಟು ಆಗುತ್ತದೆ. ಅಗಲದಲ್ಲಿ ಹತ್ತನೇ ಒಂದು ಭಾಗ ಕಡಿಮೆಯಾದರೂ ಸಾಕು, ತಡೆ ಸುಮಾರು ಒಂದೂವರೆ ಪಟ್ಟು ಆಗುತ್ತದೆ. ನಿಜವಾದ ಶ್ವಾಸಕೋಶದಲ್ಲಿ ಗಾಳಿ ಎಲ್ಲ ಕಡೆಯೂ ಇಷ್ಟು ನಯವಾಗಿ ಹರಿಯುವುದಿಲ್ಲ. ಆದರೂ ಕೂದಲೆಳೆಯಷ್ಟು ಜಾಗ ಸಿಕ್ಕರೂ ಉಸಿರಿಗೆ ಎಷ್ಟು ಸುಲಭ ಎಂಬುದಕ್ಕೆ ಈ ಲೆಕ್ಕ ಸಾಕು.

ಸಿಒಪಿಡಿ ಇರುವವರಿಗೆ ಇನ್ನೊಂದು ಕಷ್ಟವಿದೆ. ಅವರಿಗೆ ಉಸಿರು ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದೇ ಕಷ್ಟ. ಹಳೆಯ ಗಾಳಿ ಪೂರ್ತಿ ಹೊರಗೆ ಹೋಗುವ ಮುಂಚೆಯೇ ಮುಂದಿನ ಉಸಿರು ಶುರುವಾಗುತ್ತದೆ. ಹೀಗೆ ಗಾಳಿ ಒಳಗೇ ಉಳಿದು ಎದೆ ಉಬ್ಬಿದ ಹಾಗೆ ಇರುತ್ತದೆ. ಮೆಟ್ಟಿಲು ಹತ್ತುವಾಗ ಉಸಿರು ಜೋರಾದರೆ ಇನ್ನೂ ಜಾಸ್ತಿ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ತುಂಬಿದ ಕೊಡಕ್ಕೆ ನೀರು ಹೊಯ್ದರೆ ಒಳಗೆ ಹಿಡಿಸುತ್ತದಾ? ಹಾಗೆಯೇ ಹೊಸ ಗಾಳಿಗೆ ಜಾಗವೇ ಇರುವುದಿಲ್ಲ. ಕೊಳವೆ ಸ್ವಲ್ಪ ಅಗಲವಾದರೆ ಈ ಹಳೆಯ ಗಾಳಿ ಹೊರಗೆ ಹೋಗಲು ದಾರಿ ಸಿಗುತ್ತದೆ. ಶ್ವಾಸಕೋಶದ ಶಕ್ತಿ ಅಳೆಯುವ ಊದುವ ಪರೀಕ್ಷೆಯ ಅಂಕಿಗಳಲ್ಲಿ ಅಂಥ ಬದಲಾವಣೆ ಕಾಣದಿದ್ದರೂ "ಈಗ ನಿಲ್ಲದೇ ಇನ್ನೊಂದಿಷ್ಟು ದೂರ ನಡೀತೀನಿ" ಎಂದು ಕೆಲವರು ಹೇಳುವುದು ಇದಕ್ಕೇ.

ಕೆಲವು ಔಷಧಿ 4 ಗಂಟೆ, ಕೆಲವು 24 ಗಂಟೆ. ಹೇಗೆ?

ಕುರ್ಚಿ ಬಿಟ್ಟು ಏಳಲು ಎಷ್ಟು ಹೊತ್ತು ಬೇಕು ಎಂಬುದರ ಮೇಲೆ. ಇಪ್ರಾಟ್ರೋಪಿಯಂ ಬೇಗ ಎದ್ದುಹೋಗುತ್ತದೆ. ಟಿಯೋಟ್ರೋಪಿಯಂ ಕೂತರೆ ಏಳುವುದೇ ಇಲ್ಲ ಅನ್ನುವಷ್ಟು ಗಟ್ಟಿಯಾಗಿ ಕೂರುತ್ತದೆ. ಪ್ರಯೋಗಾಲಯದಲ್ಲಿ ಅಳೆದಾಗ, ಕೂತದ್ದರಲ್ಲಿ ಅರ್ಧದಷ್ಟು ಏಳಲು ಸುಮಾರು 35 ಗಂಟೆ ಬೇಕಾಯಿತು.

ಇಲ್ಲಿ ಒಂದು ಸೊಗಸಾದ ಸೂಕ್ಷ್ಮ ಇದೆ. ಉಸಿರುನಾಳದಲ್ಲಿ ಈ ಕುರ್ಚಿಗಳು ಮೂರು ಬಗೆ: ಎಂ1, ಎಂ2, ಎಂ3. ಸ್ನಾಯುವನ್ನು ಬಿಗಿಸುವುದು, ಕಫದ ಗ್ರಂಥಿಗಳನ್ನು ಎಚ್ಚರಿಸುವುದು ಮುಖ್ಯವಾಗಿ ಎಂ3. ನರದ ಸುದ್ದಿ ಮುಂದಕ್ಕೆ ಹೋಗಲು ಎಂ1 ನೆರವಾಗುತ್ತದೆ. ಎಂ2 ಮಾತ್ರ ನಮ್ಮ ಕಡೆಯದು. ಅದು ನರದ ತುದಿಯಲ್ಲೇ ಕೂತು "ಸಾಕು, ಇನ್ನು ಅಸಿಟೈಲ್‌ಕೋಲಿನ್ ಬಿಡಬೇಡ" ಎಂದು ಕಡಿವಾಣ ಹಾಕುತ್ತದೆ. ಎಂ2 ಅನ್ನೂ ಮುಚ್ಚಿದರೆ ಕಡಿವಾಣ ತಪ್ಪಿ ಅಸಿಟೈಲ್‌ಕೋಲಿನ್ ಇನ್ನೂ ಜಾಸ್ತಿ ಹೊರಬರಬಹುದು. ಇಪ್ರಾಟ್ರೋಪಿಯಂ ಮೂರನ್ನೂ ಒಂದೇ ಸಮ ಮುಚ್ಚುತ್ತದೆ. ಟಿಯೋಟ್ರೋಪಿಯಂ ಕೂಡ ಮೂರರಲ್ಲೂ ಕೂರುತ್ತದೆ, ಆದರೆ ಎಂ2ನಿಂದ ಬೇಗ ಎದ್ದು ಎಂ3ರಲ್ಲಿ ಉಳಿದುಕೊಳ್ಳುತ್ತದೆ. ಬೇಕಾದ ಕಡೆ ಉಳಿದು, ಬೇಡದ ಕಡೆ ಜಾಗ ಖಾಲಿ ಮಾಡುವ ಗುಣ ಅದು.

ಇದು ಸಿಒಪಿಡಿಗೆ ಮಾತ್ರವೋ, ಅಸ್ತಮಾಗೂ ಆಗುತ್ತದೋ?

ಎರಡಕ್ಕೂ ಇದೆ, ಆದರೆ ಅದರ ಸ್ಥಾನ ಬೇರೆ ಬೇರೆ.

ಸಿಒಪಿಡಿಯಲ್ಲಿ ಶ್ವಾಸಕೋಶಕ್ಕೆ ಆದ ಹಾನಿ ಬಹುಪಾಲು ಮರಳಿ ಸರಿಹೋಗುವುದಿಲ್ಲ. ಸರಿಪಡಿಸಬಹುದಾದ ಭಾಗದಲ್ಲಿ ದೊಡ್ಡ ಪಾಲು ವೇಗಸ್ ನರದ ಈ ಬಿಗಿತದ್ದು. ಆರೋಗ್ಯವಂತರ ಉಸಿರುನಾಳದಲ್ಲೂ ಈ ನರದ ಬಿಗಿತ ಸ್ವಲ್ಪ ಇದ್ದೇ ಇರುತ್ತದೆ, ಅವರಿಗೆ ಅದು ಗೊತ್ತೇ ಆಗುವುದಿಲ್ಲ. ಮೊದಲೇ ಕಿರಿದಾದ ಕೊಳವೆಯಲ್ಲಿ ಅಷ್ಟೇ ಬಿಗಿತ ದೊಡ್ಡ ಅಡ್ಡಿಯಾಗುತ್ತದೆ. ಆದ್ದರಿಂದಲೇ ಸಿಒಪಿಡಿಯಲ್ಲಿ ಈ ಔಷಧಿಗೆ ಮೊದಲ ಸಾಲಿನ ಜಾಗ.

ಅಸ್ತಮಾದಲ್ಲಿ ಮೂಲ ತೊಂದರೆ ಉರಿಯೂತ. ಅದಕ್ಕೆ ಬೇಕಾದದ್ದು ಎಳೆಯುವ ಸ್ಟೀರಾಯ್ಡ್. ಅದನ್ನು ಸರಿಯಾಗಿ ತೆಗೆದುಕೊಂಡರೂ ಹಿಡಿತಕ್ಕೆ ಬಾರದಿದ್ದರೆ ಟಿಯೋಟ್ರೋಪಿಯಂನಂಥದ್ದನ್ನು ಜೊತೆಗೆ ಸೇರಿಸುತ್ತಾರೆ. ಅಮೆರಿಕದಲ್ಲಿ ಸಿಒಪಿಡಿಗೆ ಅದರ ಒಪ್ಪಿಗೆ ಸಿಕ್ಕಿದ್ದು 2004ರಲ್ಲಿ, ಅಸ್ತಮಾಗೆ 2015ರಲ್ಲಿ. ಅಸ್ತಮಾ ಇರುವವರು ಸ್ಟೀರಾಯ್ಡ್ ಇನ್ಹೇಲರ್ ಬಿಟ್ಟು ಇದೊಂದನ್ನೇ ಎಳೆಯುವುದು ಅಪಾಯ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ತುರ್ತು ಚಿಕಿತ್ಸೆಯಲ್ಲಿ ನೆಬ್ಯುಲೈಜರ್‌ಗೆ ಎರಡು ಔಷಧಿ ಹಾಕುತ್ತಾರಲ್ಲ?

ಹೌದು, ಔಷಧಿಯನ್ನು ಮಂಜಿನ ಹಾಗೆ ಮಾಡಿ ಉಸಿರಿಗೆ ಕೊಡುವ ಆ ಯಂತ್ರಕ್ಕೆ ಒಂದು ಸಾಲ್ಬುಟಮಾಲ್, ಇನ್ನೊಂದು ಇಪ್ರಾಟ್ರೋಪಿಯಂ. ಮಕ್ಕಳಿಗೆ ಅಸ್ತಮಾ ತೀವ್ರವಾಗಿ ಕೆರಳಿದಾಗ ಮೊದಲ ಕೆಲವು ಗಂಟೆ ಎರಡನ್ನೂ ಸೇರಿಸಿ ಕೊಟ್ಟರೆ ಆಸ್ಪತ್ರೆಗೆ ದಾಖಲಾಗುವ ಸಂಭವ ಕಡಿಮೆಯಾಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ.

ಎಳೆದ ಮೇಲೆ ಏನೂ ಅನ್ನಿಸುವುದಿಲ್ಲ. ನಿಲ್ಲಿಸಿಬಿಡಲಾ?

ದಯವಿಟ್ಟು ಬೇಡ. ಅಪ್ಪ ಮಾಡಿದ ತಪ್ಪು ಇದೇ.

ದಿನಕ್ಕೊಮ್ಮೆಯ ಔಷಧಿ ಮೊದಲ ದಿನದಿಂದಲೇ ಕೆಲಸ ಶುರು ಮಾಡಿದರೂ, ಪೂರ್ತಿ ಪರಿಣಾಮ ನೆಲೆಗೊಳ್ಳಲು ಕೆಲವು ದಿನ ಬೇಕು. ಅದರ ದೊಡ್ಡ ಲಾಭ ಆ ಕ್ಷಣದ ಆರಾಮವಲ್ಲ. ರೋಗ ಏಕಾಏಕಿ ಉಲ್ಬಣಿಸುವುದು ಕಡಿಮೆಯಾಗುತ್ತದೆ. ಸುಮಾರು 6,000 ಸಿಒಪಿಡಿ ರೋಗಿಗಳನ್ನು ನಾಲ್ಕು ವರ್ಷ ಗಮನಿಸಿದ ಒಂದು ದೊಡ್ಡ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಟಿಯೋಟ್ರೋಪಿಯಂ ಎಳೆದವರಲ್ಲಿ ಉಲ್ಬಣ ಕಡಿಮೆ ಇತ್ತು, ಬದುಕಿನ ಗುಣಮಟ್ಟ ಮೇಲಿತ್ತು. ಆದರೆ ವರ್ಷ ವರ್ಷ ಶ್ವಾಸಕೋಶದ ಶಕ್ತಿ ಕುಗ್ಗುವ ವೇಗವನ್ನು ಅದು ತಗ್ಗಿಸಲಿಲ್ಲ. ಈ ಎರಡನೆಯ ಮಾತನ್ನೂ ಮುಚ್ಚಿಡದೆ ಹೇಳಬೇಕು. ಆ ವೇಗ ತಗ್ಗಬೇಕಾದರೆ ಸೇದುವವರು ಬೀಡಿ, ಸಿಗರೇಟು ಬಿಡಲೇಬೇಕು. ಇನ್ಹೇಲರ್ ಅದಕ್ಕೆ ಬದಲಿಯಲ್ಲ.

ಕಫ ಒಣಗಿ ಎದೆಯಲ್ಲೇ ಗಟ್ಟಿಯಾಗುತ್ತದೆ ಅಂತಾರೆ. ನಿಜವಾ?

ಈ ಭಯ ಇದೇ ಬಳಗದ ಹಳೆಯ ಔಷಧಿ ಅಟ್ರೋಪಿನ್ ಕಾಲದ್ದು. ಅದು ಕಫವನ್ನು ಒಣಗಿಸುತ್ತಿತ್ತು, ಕಫವನ್ನು ಮೇಲಕ್ಕೆ ತಳ್ಳುವ ಸಣ್ಣ ರೋಮಗಳ ಕೆಲಸವನ್ನೂ ನಿಧಾನ ಮಾಡುತ್ತಿತ್ತು. ಈಗಿನ ಇನ್ಹೇಲರ್ ಔಷಧಿಗಳು ಹೇಳಿದ ಡೋಸ್‌ನಲ್ಲಿ ಹಾಗೆ ಮಾಡುವುದು ಕಂಡುಬಂದಿಲ್ಲ.

ದತ್ತೂರಿ ಎಲೆಯ ಹೊಗೆ ಸೇದಿದರೆ ಉಬ್ಬಸ ಇಳಿಯುತ್ತಿತ್ತು ಎಂದು ಕೇಳಿದ್ದೇವೆ. ಅದೂ ಇದೇನಾ?

ಇದೇ ಬಳಗದ್ದು. ದತ್ತೂರಿಯಲ್ಲಿ ಅಟ್ರೋಪಿನ್ ಮತ್ತು ಅದರ ಹತ್ತಿರದ ವಸ್ತುಗಳಿವೆ. ಭಾರತದಲ್ಲಿ ಉಬ್ಬಸಕ್ಕೆ ಅದರ ಹೊಗೆ ಸೇದುವುದು ಹಳೆಯ ರೂಢಿ. 1800ರ ದಶಕದ ಶುರುವಿನಲ್ಲಿ ಇಲ್ಲಿಂದಲೇ ಅದು ಬ್ರಿಟನ್ನಿಗೆ ಹೋಯಿತು. ಆಮೇಲೆ ಅಲ್ಲಿ "ಅಸ್ತಮಾ ಸಿಗರೇಟು" ಎಂದೇ ಮಾರುತ್ತಿದ್ದರು.

ಆದರೆ ದಯವಿಟ್ಟು ಈಗ ಅದನ್ನು ಮಾಡಬೇಡಿ. ಒಂದು ಎಲೆಯಲ್ಲಿ ಎಷ್ಟು ವಿಷ ಇದೆ ಎಂದು ಹೇಳಲು ಬರುವುದಿಲ್ಲ. ಅಟ್ರೋಪಿನ್ ರಕ್ತಕ್ಕೂ ಸೇರುತ್ತದೆ, ಮೆದುಳಿಗೂ ಹೋಗುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ದಿಕ್ಕು ತಪ್ಪುತ್ತದೆ, ಇಲ್ಲದ್ದು ಕಾಣುತ್ತದೆ, ಜೀವವೂ ಹೋಗಬಹುದು. ಇಂದಿನ ಔಷಧಿಗಳನ್ನು ಮಾಡುವಾಗ ಅಣುವಿನ ನೈಟ್ರೋಜನ್ ಮೇಲೆ ಯಾವಾಗಲೂ ಧನ ವಿದ್ಯುದಂಶ ಇರುವ ಹಾಗೆ ಮಾಡಿದ್ದಾರೆ. ಅಂಥ ಅಣು ಕೊಬ್ಬಿನ ಪದರಗಳನ್ನು ಸುಲಭವಾಗಿ ದಾಟಲಾರದು. ಹಾಗಾಗಿ ಉಸಿರುನಾಳದಿಂದ ರಕ್ತಕ್ಕೆ ಸೇರುವುದು ಕಡಿಮೆ, ಮೆದುಳಿಗೆ ಹೋಗುವುದಂತೂ ತೀರಾ ಕಡಿಮೆ. ಸಣ್ಣ ಬದಲಾವಣೆ, ಆದರೆ ವಿಷವನ್ನು ಔಷಧಿ ಮಾಡಿದ್ದು ಅದೇ.

ಬಾಯಿ ಒಣಗುತ್ತದೆ. ಏನು ಮಾಡಲಿ?

ಇದು ಎಲ್ಲಕ್ಕಿಂತ ಸಾಮಾನ್ಯವಾದ ತೊಂದರೆ. ಜೊಲ್ಲಿನ ಗ್ರಂಥಿಗೂ ಅಪ್ಪಣೆ ಕೊಡುವುದು ಅದೇ ಅಸಿಟೈಲ್‌ಕೋಲಿನ್. ಎಳೆದ ಮೇಲೆ ಬಾಯಿ ಮುಕ್ಕಳಿಸಿ, ಆಗಾಗ ಒಂದು ಗುಟುಕು ನೀರು ಕುಡಿಯಿರಿ. ಕೆಲವರಿಗೆ ಬಾಯಿ ಕಹಿ ಆಗುವುದೂ ಉಂಟು.

ಯಾರು ಹುಷಾರಾಗಿರಬೇಕು?

ಗ್ಲಾಕೋಮಾ (ಕಣ್ಣಿನ ಒತ್ತಡಕ್ಕೆ ಸಂಬಂಧಿಸಿದ ಕಾಯಿಲೆ) ಇರುವವರು, ಅದರಲ್ಲೂ ಕಣ್ಣಿನ ಕೋನ ಕಿರಿದಾಗಿರುವ ಬಗೆಯವರು. ಔಷಧಿಯ ಹನಿ ಕಣ್ಣಿಗೆ ಬಿದ್ದರೆ ಪಾಪೆ ಹಿಗ್ಗುತ್ತದೆ. ಆಗ ಕಣ್ಣಿನ ಒತ್ತಡ ತಟ್ಟನೆ ಏರಬಹುದು. ಕಣ್ಣು ನೋವು, ಮಂಜು, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಕಾಯಬೇಡಿ, ತಕ್ಷಣ ತೋರಿಸಿ. ನೆಬ್ಯುಲೈಜರ್‌ಗೆ ಮಾಸ್ಕ್ ಬದಲು ಬಾಯಲ್ಲಿ ಕಚ್ಚಿಕೊಳ್ಳುವ ಕೊಳವೆ ಇಟ್ಟುಕೊಂಡರೆ ಒಳ್ಳೆಯದು. ಮಾಸ್ಕ್ ಸಡಿಲವಾಗಿ ಒಂದು ಕಣ್ಣಿಗೆ ಮಾತ್ರ ಔಷಧಿ ತಾಗಿ, ಆ ಒಂದೇ ಪಾಪೆ ಹಿಗ್ಗಿ, ಮೆದುಳಿಗೆ ಏನೋ ಆಯಿತು ಎಂದು ಗಾಬರಿಯಾದ ಪ್ರಸಂಗಗಳು ವೈದ್ಯಕೀಯ ವರದಿಗಳಲ್ಲಿವೆ.

ಪ್ರಾಸ್ಟೇಟ್ ದೊಡ್ಡದಾಗಿ ಮೂತ್ರ ಕಟ್ಟುವ ತೊಂದರೆ ಇರುವವರೂ ಮೊದಲೇ ಹೇಳಬೇಕು. ಮೂತ್ರಕೋಶದ ಸ್ನಾಯುವಿಗೂ ಇದೇ ಅಪ್ಪಣೆ ಬೇಕು, ಅದು ತಡೆದರೆ ಮೂತ್ರ ನಿಂತುಹೋಗಬಹುದು. ಟಿಯೋಟ್ರೋಪಿಯಂ ಹೆಚ್ಚಾಗಿ ಕಿಡ್ನಿಯ ಮೂಲಕ ಹೊರಹೋಗುತ್ತದೆ, ಆದ್ದರಿಂದ ಕಿಡ್ನಿ ಸೊರಗಿದವರ ಮೇಲೂ ಒಂದು ಕಣ್ಣಿರಬೇಕು.

ಇನ್ನೊಂದು ವಿಷಯ ಎಲ್ಲರೂ ಮರೆಯುತ್ತಾರೆ. ಮೂತ್ರದ ಅವಸರಕ್ಕೆ ಕೊಡುವ ಆಕ್ಸಿಬ್ಯುಟಿನಿನ್, ಖಿನ್ನತೆಗೆ ಅಥವಾ ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ನಿದ್ದೆ ತರಿಸುವ ಹಳೆಯ ಅಲರ್ಜಿ ಮಾತ್ರೆಗಳು, ಇವೆಲ್ಲಕ್ಕೂ ಇದೇ ಗುಣ ಇದೆ. ಎಲ್ಲ ಸೇರಿದರೆ ಬಾಯಿ ಒಣಗುವುದು, ಮಲಬದ್ಧತೆ, ಮೂತ್ರದ ತೊಂದರೆ ಜಾಸ್ತಿಯಾಗುತ್ತದೆ. ಡಾಕ್ಟರ ಹತ್ತಿರ ಹೋಗುವಾಗ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ.

ಇದು ಚಟವಾಗುತ್ತದಾ? ಮೈ ಒಗ್ಗಿಹೋಗಿ ಕೆಲಸ ಮಾಡದಂತಾಗುತ್ತದಾ?

ಚಟ ಆಗುವುದಿಲ್ಲ. ವರ್ಷಗಟ್ಟಲೆ ಎಳೆದರೂ ಉಸಿರುನಾಳ ಸಡಿಲಿಸುವ ಶಕ್ತಿ ಉಳಿದಿರುತ್ತದೆ. ನಿಲ್ಲಿಸಿದ ಮೇಲೆ ದಮ್ಮು ಮರಳಿದರೆ ಅದು ಚಟವಲ್ಲ, ಕಾವಲು ತೆಗೆದಾಗ ರೋಗ ಮತ್ತೆ ತಲೆ ಎತ್ತಿದ್ದು.

ಇನ್ಹೇಲರ್‌ಗೆ ಹಾಕುವ ಪುಡಿಯ ಕ್ಯಾಪ್ಸೂಲ್ ನುಂಗಬಹುದಾ?

ನುಂಗಬಾರದು! ನೋಡಲು ಮಾತ್ರೆಯ ಹಾಗೇ ಇರುವುದರಿಂದ ತುಂಬ ಜನ ನುಂಗಿಬಿಡುತ್ತಾರೆ. ನುಂಗಿದ ಔಷಧಿ ಕರುಳಿನಿಂದ ರಕ್ತಕ್ಕೆ ಸೇರುವುದೇ ಕಡಿಮೆ, ಶ್ವಾಸಕೋಶಕ್ಕಂತೂ ಪ್ರಯೋಜನವಿಲ್ಲ. ಕ್ಯಾಪ್ಸೂಲನ್ನು ಅದರ ಸಾಧನದಲ್ಲಿಟ್ಟು, ಗುಂಡಿ ಒತ್ತಿ ಚುಚ್ಚಿ, ಬಾಯಿಂದ ಪುಡಿಯನ್ನು ಆಳವಾಗಿ ಎಳೆಯಬೇಕು. ಒಳಗೆ ಕ್ಯಾಪ್ಸೂಲ್ ಗರಗರ ಅಲುಗಿದ ಸದ್ದು ಕೇಳಬೇಕು. ಪುಡಿ ಉಳಿದಿದ್ದರೆ ಅದೇ ಕ್ಯಾಪ್ಸೂಲನ್ನು ಇನ್ನೊಮ್ಮೆ ಎಳೆಯಿರಿ.

ಸ್ಪ್ರೇ ಇನ್ಹೇಲರ್ ಆದರೆ ಕ್ರಮ ಬೇರೆ. ಅದನ್ನು ನಿಧಾನವಾಗಿ ಎಳೆದು ಸುಮಾರು 10 ಸೆಕೆಂಡು ಉಸಿರು ಹಿಡಿಯಬೇಕು. ಒತ್ತುವುದು, ಎಳೆಯುವುದು ಒಟ್ಟಿಗೆ ಆಗದಿದ್ದರೆ ಸ್ಪೇಸರ್ (ಇನ್ಹೇಲರ್‌ಗೆ ಸಿಕ್ಕಿಸಿ, ಔಷಧಿಯನ್ನು ಹಿಡಿದಿಡುವ ಕೊಳವೆ) ಕೇಳಿ ಪಡೆಯಿರಿ. ಔಷಧಿ ಎಷ್ಟೇ ಒಳ್ಳೆಯದಿರಲಿ, ಗಂಟಲಲ್ಲೇ ನಿಂತರೆ ಯಾವ ಕುರ್ಚಿಗೂ ತಲುಪುವುದಿಲ್ಲ.

ಊದುವ ಪರೀಕ್ಷೆಗೆ ಮುಂಚೆ ಇದನ್ನು ಬಿಡಬೇಕಾ?

ಕೆಲವು ಪರೀಕ್ಷೆಗೆ ಬಿಡಬೇಕಾಗುತ್ತದೆ. ದೀರ್ಘಕಾಲ ಬಾಳುವ ಔಷಧಿಯನ್ನು ಒಂದೆರಡು ದಿನ ಮೊದಲೇ ನಿಲ್ಲಿಸಲು ಹೇಳಬಹುದು. ಪರೀಕ್ಷೆ ಗೊತ್ತು ಮಾಡುವಾಗಲೇ ಕೇಳಿಕೊಳ್ಳಿ, ನೀವಾಗಿಯೇ ನಿಲ್ಲಿಸಬೇಡಿ.

ಯಾವ ಹೊತ್ತಿಗೆ ಎಳೆಯುವುದು ಒಳ್ಳೆಯದು? ಒಂದು ದಿನ ಮರೆತರೆ?

ದಿನಕ್ಕೊಮ್ಮೆಯದಾದರೆ ದಿನವೂ ಒಂದೇ ಹೊತ್ತು. ಬೆಳಗ್ಗೆಯೋ ಸಂಜೆಯೋ ಅನ್ನುವುದಕ್ಕಿಂತ ಮರೆಯದ ಹೊತ್ತು ಮುಖ್ಯ. ಮರೆತರೆ ನೆನಪಾದ ಕೂಡಲೇ ಎಳೆಯಿರಿ. ಮಾರನೆಯ ದಿನವೇ ನೆನಪಾದರೆ ಆ ದಿನದ್ದು ಮಾತ್ರ ಸಾಕು, ಎರಡು ಪಾಲು ಬೇಡ. ಅಪ್ಪ ಈಗ ಹಲ್ಲುಜ್ಜುವ ಬ್ರಷ್ ಪಕ್ಕದಲ್ಲೇ ಇನ್ಹೇಲರ್ ಇಟ್ಟುಕೊಂಡಿದ್ದಾರೆ. ಮೊದಲು ಇನ್ಹೇಲರ್, ಆಮೇಲೆ ಬ್ರಷ್. ಬಾಯಿ ಮುಕ್ಕಳಿಸುವುದೂ ಅದರ ಜೊತೆಗೇ ಮುಗಿದುಹೋಗುತ್ತದೆ.